ಮಾರುಕಟ್ಟೆ ಸಂಶೋಧನೆ

ಸರಕು ಅಥವಾ ಸೇವೆಯನ್ನು ಮಾರುವವರು ತೆಗೆದುಕೊಳ್ಳಬೇಕಾದ ನಿರ್ಧಾರಗಳಿಗೆ ನೆರವಾಗಲೆಂದು ಕೊಳ್ಳುವವರು, ಪೈಪೋಟಿದಾರರು, ಬೆಲೆ, ವಿತರಣೆ ಮುಂತಾದ ವಿಷಯಗಳ ಮಾಹಿತಿಯನ್ನು ಕ್ರಮಬದ್ಧವಾಗಿ ಕಲೆಹಾಕಿ ವಿಶ್ಲೇಷಿಸುವ ಕೆಲಸವೇ ಮಾರುಕಟ್ಟೆ ಸಂಶೋಧನೆ. ಹೊಸ ಸರಕನ್ನು ತರಬೇಕೇ ಬೇಡವೇ, ಯಾವ ಊರಿನಲ್ಲಿ ಮೊದಲು ಇಳಿಸಬೇಕು, ಎಷ್ಟು ಗ್ರಾಂ ಪೊಟ್ಟಣಕ್ಕೆ ಎಷ್ಟು ಬೆಲೆ ಇಡಬೇಕು, ಮಾರಾಟ ಕುಸಿದದ್ದಕ್ಕೆ ಸರಕು ಕಾರಣವೋ ಅಂಗಡಿಯವನೋ ಎಂಬಂಥ ಪ್ರಶ್ನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ವಿಶ್ವವಿದ್ಯಾಲಯದ ಸಂಶೋಧನೆಗೂ ಇದಕ್ಕೂ ವಿಧಾನಗಳಲ್ಲಿ ಹೆಚ್ಚಿನ ಅಂತರವಿಲ್ಲ. ಆದರೆ ಇಲ್ಲಿ ಗಡುವು ಹತ್ತಿರದ್ದು, ಹಣ ಬೇರೆಯವರದ್ದು. ಮುಖ್ಯವಾಗಿ, ಬಂದ ಉತ್ತರ ಯಾವ ನಿರ್ಧಾರವನ್ನೂ ಅಲುಗಾಡಿಸದಿದ್ದರೆ, ಅದು ಎಷ್ಟೇ ನಿಜವಾಗಿದ್ದರೂ ಖರ್ಚು ದಂಡ.

ಹಿನ್ನೆಲೆ

ವ್ಯವಹಾರದ ನಿರ್ಧಾರಕ್ಕೆ ಸಂಖ್ಯಾಶಾಸ್ತ್ರವನ್ನು ಬಳಸಿದ ಮೊದಲಿಗರಲ್ಲಿ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್ ಒಬ್ಬರು. ಬಾರ್ಲಿ, ಹಾಪ್ಸ್ ಮುಂತಾದ ಕಚ್ಚಾ ಸರಕಿನ ಗುಣವನ್ನು ಬೆರಳೆಣಿಕೆಯ ಮಾದರಿಗಳಿಂದ ಎಷ್ಟು ಭರವಸೆಯಿಂದ ಅಳೆಯಬಹುದು ಎಂಬುದು ಅವರ ಮುಂದಿದ್ದ ಸಮಸ್ಯೆ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಹುಟ್ಟಿದ ಟಿ-ಪರೀಕ್ಷೆಯನ್ನು ಇವತ್ತಿಗೂ ಪದವಿ ತರಗತಿಗಳಲ್ಲಿ ಕಲಿಸುತ್ತಾರೆ.

ಕೊಳ್ಳುವವರ ಅಧ್ಯಯನ ಒಂದು ವೃತ್ತಿಯಾಗಿ ಬೆಳೆದದ್ದು ಅಮೆರಿಕದಲ್ಲಿ. ಫಿಲಡೆಲ್ಫಿಯಾದ ಕರ್ಟಿಸ್ ಪ್ರಕಾಶನ ಸಂಸ್ಥೆ 1911ರಲ್ಲಿ ಚಾರ್ಲ್ಸ್ ಕೂಲಿಜ್ ಪಾರ್ಲಿನ್ ಅವರನ್ನು ನೇಮಿಸಿಕೊಂಡು ವಾಣಿಜ್ಯ ಸಂಶೋಧನೆಗೆಂದೇ ಒಂದು ವಿಭಾಗ ತೆರೆಯಿತು. ಕೃಷಿ ಉಪಕರಣಗಳ ಮಾರುಕಟ್ಟೆ ಅವರ ಮೊದಲ ಅಧ್ಯಯನದ ವಿಷಯ. ಈ ಸಂಸ್ಥೆ ನಿಯತಕಾಲಿಕಗಳ ಪ್ರಕಾಶಕ, ಅದರ ಆದಾಯ ಜಾಹೀರಾತಿನದು. ಅಂಕಿಅಂಶ ಕೊಡುವವರಿಗೂ ಮಾರಲು ಏನೋ ಒಂದು ಇರುತ್ತದೆ ಎಂಬ ಸಂಗತಿ ಹೀಗೆ ಈ ವೃತ್ತಿಯ ಹುಟ್ಟಿನಲ್ಲೇ ಇದೆ, ಇನ್ನೂ ಹೋಗಿಲ್ಲ.

ಆರ್ಥರ್ ನೀಲ್ಸನ್ 1923ರಲ್ಲಿ ಷಿಕಾಗೋದಲ್ಲಿ ಸ್ಥಾಪಿಸಿದ ಸಂಸ್ಥೆ 1930ರ ದಶಕದಲ್ಲಿ ಅಂಗಡಿ ಲೆಕ್ಕ ತಪಾಸಣೆಯನ್ನು ಆರಂಭಿಸಿತು. ಆರಿಸಿದ ಅಂಗಡಿಗಳಿಗೆ ನಿಗದಿತ ಅವಧಿಗೊಮ್ಮೆ ಹೋಗಿ ದಾಸ್ತಾನು ಎಣಿಸುವುದು. ಹಿಂದಿನ ದಾಸ್ತಾನಿಗೆ ಈ ನಡುವೆ ಬಂದ ಸರಕನ್ನು ಕೂಡಿಸಿ, ಈಗ ಉಳಿದದ್ದನ್ನು ಕಳೆದರೆ ಮಾರಾಟ ಸಿಗುತ್ತದೆ. ಯಾರನ್ನೂ ಏನನ್ನೂ ಕೇಳದೆ ಇಡೀ ಮಾರುಕಟ್ಟೆಯಲ್ಲಿ ಒಂದು ಬ್ರ್ಯಾಂಡಿನ ಪಾಲೆಷ್ಟು ಎಂದು ಹೇಳಬಲ್ಲ ಈ ಸರಳ ಲೆಕ್ಕ, ಕಂಪನಿಗಳು ತಮ್ಮನ್ನು ತಾವು ನೋಡಿಕೊಳ್ಳುವ ಬಗೆಯನ್ನೇ ಬದಲಿಸಿತು. ಕಾರ್ಖಾನೆಯಿಂದ ಲಾರಿ ಹೊರಟದ್ದನ್ನೇ ಮಾರಾಟವೆಂದು ತಿಳಿದಿದ್ದವರಿಗೆ ಸರಕು ಅಂಗಡಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿರುವುದು ಆಗ ಕಂಡಿತು.

ಭಾರತದಲ್ಲಿ ಈ ವೃತ್ತಿಗೆ ತಳಪಾಯ ಬಿದ್ದದ್ದು ಕಂಪನಿಗಳಿಂದಲ್ಲ, ಸಂಖ್ಯಾಶಾಸ್ತ್ರಜ್ಞರಿಂದ. ಪಿ. ಸಿ. ಮಹಾಲನೋಬಿಸ್ 1931ರಲ್ಲಿ ಕಲ್ಕತ್ತದಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಬಂಗಾಳದ ಸೆಣಬಿನ ಬೆಳೆಯ ಜೊತೆಗೆ ಮನೆವಾರ್ತೆಯ ಖರ್ಚು, ಜನಾಭಿಪ್ರಾಯ, ಚಹಾ ಕುಡಿಯುವ ಅಭ್ಯಾಸ ಇವುಗಳನ್ನೂ ಮಾದರಿ ಸಮೀಕ್ಷೆಯಿಂದ ಅಳೆದಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಆರಂಭವಾಯಿತು. ಇದೇ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು ಜಗತ್ಪ್ರಸಿದ್ಧರಾದ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ. ವಿಕ್ರಮ್ ಸಾರಾಭಾಯಿ ಅವರು ಬರೋಡಾದಲ್ಲಿ ಕಟ್ಟಿದ ಆಪರೇಷನ್ಸ್ ರಿಸರ್ಚ್ ಗ್ರೂಪ್ ಅಂಗಡಿ ತಪಾಸಣೆಯನ್ನು ಇಲ್ಲಿಗೆ ತಂದಿತು. 1970ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಥಾಂಪ್ಸನ್ ಜಾಹೀರಾತು ಸಂಸ್ಥೆಯ ಅಂಗವಾಗಿ ಐಎಂಆರ್‌ಬಿ ಬಂತು. ವೃತ್ತಿನಿರತರ ಸಂಘವಾದ ಮಾರ್ಕೆಟ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾದದ್ದು 1988ರಲ್ಲಿ.

ನಿರ್ಧಾರದಿಂದ ಪ್ರಶ್ನೆಗೆ

ಸಂಶೋಧನೆ ಕೆಡುವುದು ಹೆಚ್ಚಾಗಿ ಕೊನೆಯಲ್ಲಲ್ಲ, ಮೊದಲ ಸಭೆಯಲ್ಲಿ. ಶಿರಸಿ ಕಡೆಯ ಒಬ್ಬ ಸಾಂಬಾರು ಪುಡಿ ತಯಾರಕರನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅವರ ಪುಡಿಗೆ ಹೆಸರಿದೆ. ಈಗ ಬೆಂಗಳೂರಿಗೆ ಹೋಗಬೇಕೆಂಬ ಆಸೆ. ‘ಬೆಂಗಳೂರು ಮಾರ್ಕೆಟ್ ಬಗ್ಗೆ ಒಂದು ಸರ್ವೆ ಮಾಡಿಕೊಡಿ’ ಎಂದು ಅವರು ಕೇಳಿದರೆ ಸಂಶೋಧನಾ ಸಂಸ್ಥೆಗೆ ಸಂತೋಷವೇ. ನೂರಾರು ಕೋಷ್ಟಕಗಳ ವರದಿ ಬರುತ್ತದೆ, ಓದಲು ಸೊಗಸಾಗಿಯೂ ಇರುತ್ತದೆ. ಅದನ್ನು ಓದಿದ ಮೇಲೂ ಏನು ಮಾಡಬೇಕೆಂದು ಅವರಿಗೆ ತಿಳಿದಿರುವುದಿಲ್ಲ.

ಅದರ ಬದಲು ಅವರ ಮುಂದಿರುವ ದಾರಿಗಳು ಯಾವುವು ಎಂದು ಮೊದಲು ಕೇಳಬೇಕು. ಒಂದು, ವಿತರಕರನ್ನು ನೇಮಿಸಿ ಕಿರಾಣಿ ಅಂಗಡಿಗಳಿಗೆ ಹತ್ತು ರೂಪಾಯಿಯ ಪೊಟ್ಟಣ ತಲುಪಿಸುವುದು. ಇನ್ನೊಂದು, ಮಲೆನಾಡಿನ ರುಚಿ ಎಂಬ ಹೆಸರಿನಲ್ಲಿ ದೊಡ್ಡ ಪ್ಯಾಕನ್ನು ಸೂಪರ್ ಮಾರ್ಕೆಟ್ಟುಗಳಿಗೆ ಕೊಡುವುದು. ಮೂರನೆಯದು, ಎಲ್ಲಿಗೂ ಹೋಗದೆ ಈಗಿರುವ ಜಿಲ್ಲೆಗಳಲ್ಲೇ ಗಟ್ಟಿಯಾಗುವುದು. ಇವುಗಳ ನಡುವೆ ಆರಿಸಲು ಬೇಕಾದ ಮಾಹಿತಿ ನೋಡಿದರೆ ತೀರ ಕಡಿಮೆ: ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರೆಷ್ಟು, ಊರಿನಿಂದ ತರಿಸಿಕೊಳ್ಳುವವರೆಷ್ಟು, ಅಂಗಡಿಯದನ್ನು ಕೊಳ್ಳುವವರು ಯಾವ ಅಳತೆಯದನ್ನು ಕೊಳ್ಳುತ್ತಾರೆ, ಅಂಗಡಿಯವರಿಗೆ ಈಗಿನ ಬ್ರ್ಯಾಂಡುಗಳು ಎಷ್ಟು ಕಮಿಷನ್ ಬಿಡುತ್ತವೆ. ಕೊನೆಯ ಪ್ರಶ್ನೆಗೆ ಮನೆಮನೆ ಸಮೀಕ್ಷೆ ಬೇಕಿಲ್ಲ. ಇಪ್ಪತ್ತು ಅಂಗಡಿಯವರ ಜೊತೆ ಮಾತಾಡಿದರೆ ಸಾಕು. ಮೊದಲನೆಯದೂ ಎರಡನೆಯದೂ ಸೋಲುವಂಥ ಕಮಿಷನ್ ಮಾತು ಅಲ್ಲೇ ಹೊರಬಿದ್ದರೆ ಮುಂದಿನ ಖರ್ಚೂ ಉಳಿಯಿತು.

ಅಲನ್ ಆಂಡ್ರಿಯಾಸನ್ 1985ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಈ ಬಗೆಯ ಯೋಜನೆಯನ್ನು ಹಿಮ್ಮುಖ ಸಂಶೋಧನೆ ಎಂಬರ್ಥದ ಹೆಸರಿಟ್ಟು ವಿವರಿಸಿದರು. ವರದಿಯಿಂದ ಹಿಂದಕ್ಕೆ ಬರಬೇಕು: ಮೊದಲು ನಿರ್ಧಾರ, ಆಮೇಲೆ ಆ ನಿರ್ಧಾರಕ್ಕೆ ಬೇಕಾದ ಕೋಷ್ಟಕ, ಆಮೇಲೆ ಆ ಕೋಷ್ಟಕವನ್ನು ತುಂಬುವ ಪ್ರಶ್ನೆ. ರೂಢಿಯಲ್ಲಿ ಇದನ್ನು ಖಾಲಿ ಕೋಷ್ಟಕ ಬರೆದು ಮಾಡುತ್ತಾರೆ. ಅಂಕಣ, ಸಾಲು ಎಲ್ಲ ಇರುತ್ತವೆ, ಅಂಕಿ ಮಾತ್ರ ಇರುವುದಿಲ್ಲ. ಅದನ್ನು ಮಾಲೀಕರ ಮುಂದಿಟ್ಟು, ಈ ಚೌಕದಲ್ಲಿ 15 ಬಂದರೆ ಏನು ಮಾಡುತ್ತೀರಿ, 40 ಬಂದರೆ ಏನು ಮಾಡುತ್ತೀರಿ ಎಂದು ಕೇಳುವುದು. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪ್ರಶ್ನೆಯನ್ನು ಪ್ರಶ್ನಾವಳಿಯಿಂದ ಕಿತ್ತುಹಾಕಬೇಕು. ಎಲ್ಲ ಕೋಷ್ಟಕಗಳಿಗೂ ಒಂದೇ ಉತ್ತರ ಬಂದರೆ ನಿರ್ಧಾರ ಆಗಲೇ ಆಗಿಹೋಗಿದೆ, ಸಂಶೋಧನೆ ಬೇಕಿರುವುದು ಮುಂದೆ ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಎಂದೇ ಅರ್ಥ. ಇಂಥ ಕೆಲಸ ಈ ವೃತ್ತಿಯಲ್ಲಿ ಅಪರೂಪವೇನಲ್ಲ.

ವಿಧಾನವೆಲ್ಲ ಸರಿಯಿದ್ದೂ ಪ್ರಶ್ನೆ ತಪ್ಪಿದ್ದಕ್ಕೆ ಹೆಸರಾದ ನಿದರ್ಶನ 1985ರ ಕೋಕಾ-ಕೋಲಾದ್ದು. ಪೆಪ್ಸಿಯ ಒತ್ತಡಕ್ಕೆ ಸಿಕ್ಕಿದ ಕಂಪನಿ ಹೊಸ ರುಚಿಯೊಂದನ್ನು ಸಿದ್ಧಪಡಿಸಿ ಸುಮಾರು 2 ಲಕ್ಷ ಜನರಿಂದ ರುಚಿಪರೀಕ್ಷೆ ಮಾಡಿಸಿತು. ಹೊಸದೇ ಚೆನ್ನಾಗಿದೆ ಎಂದು ಹೆಚ್ಚಿನವರು ಹೇಳಿದರು. ಏಪ್ರಿಲ್ 23ರಂದು ಹೊಸ ಕೋಕ್ ಬಂತು, ಹಳೆಯದು ಹೋಯಿತು. 79 ದಿನಗಳಲ್ಲಿ, ಜುಲೈ 11ರಂದು, ಜನರ ಸಿಟ್ಟಿಗೆ ಮಣಿದು ಹಳೆಯದನ್ನು ವಾಪಸು ತರುವುದಾಗಿ ಕಂಪನಿ ಘೋಷಿಸಿತು. ಸ್ಯಾಂಪಲ್ ಸಾಲದಾಯಿತು ಎನ್ನುವಂತಿಲ್ಲ. ಒಂದು ಗುಟುಕಿನಲ್ಲಿ ಯಾವುದು ರುಚಿ ಎಂದು ಕೇಳಿದ್ದರು. ಹಳೆಯದು ಇನ್ನು ಮುಂದೆ ಸಿಗುವುದಿಲ್ಲ ಎಂಬುದನ್ನು ರುಚಿ ನೋಡಿದವರಿಗೆ ಹೇಳಿರಲಿಲ್ಲ. ಕಂಪನಿ ತೆಗೆದುಕೊಳ್ಳಲಿದ್ದ ನಿರ್ಧಾರವೋ ಹಳೆಯದನ್ನು ನಿಲ್ಲಿಸುವುದಕ್ಕೆ ಸೇರಿದ್ದು.

ಮೊದಲೇ ಇರುವ ಮಾಹಿತಿ

ಹೊಸದಾಗಿ ಕೇಳುವ ಮೊದಲು ಇರುವುದನ್ನು ಓದಬೇಕು. ಕಂಪನಿಯ ಸ್ವಂತ ಬಿಲ್ಲುಗಳು, ವಾಪಸು ಬಂದ ಸರಕಿನ ಲೆಕ್ಕ, ಗ್ರಾಹಕರ ದೂರಿನ ಪುಸ್ತಕ ಇವುಗಳಲ್ಲಿ ಅರ್ಧ ಉತ್ತರ ಇರುತ್ತದೆ. ಸರ್ಕಾರಿ ಸಮೀಕ್ಷೆಗಳಂತೂ ಪುಕ್ಕಟೆ. 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆ ದೇಶದ 2,61,746 ಮನೆಗಳಿಂದ ಮಾಹಿತಿ ತೆಗೆದುಕೊಂಡಿತು. ತಲಾ ಮಾಸಿಕ ಖರ್ಚು ಹಳ್ಳಿಗಳಲ್ಲಿ 3,773 ರೂಪಾಯಿ, ಪಟ್ಟಣಗಳಲ್ಲಿ 6,459 ರೂಪಾಯಿ ಎಂದು ಅದು ತಿಳಿಸಿತು. ಹಳ್ಳಿಯ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಶೇ. 46. ಧಾನ್ಯ, ಹಾಲು, ಮಸಾಲೆ, ಸಿದ್ಧ ಆಹಾರ ಎಂದು ಅಲ್ಲಿ ವಿಂಗಡಣೆಯೂ ಇದೆ. ಇಷ್ಟು ದೊಡ್ಡ ಸ್ಯಾಂಪಲ್ಲನ್ನು ಯಾವ ಖಾಸಗಿ ಸಂಸ್ಥೆಯೂ ಒಬ್ಬ ಗ್ರಾಹಕನಿಗಾಗಿ ಮಾಡಲಾರದು.

ಮಾತು

ಎಷ್ಟು ಜನ ಎಂದು ಎಣಿಸುವುದಕ್ಕೆ ಮೊದಲು ಏನು, ಯಾಕೆ ಎಂದು ತಿಳಿಯಬೇಕಾದಾಗ ಗುಣಾತ್ಮಕ ವಿಧಾನಗಳನ್ನು ಬಳಸುತ್ತಾರೆ. ಒಬ್ಬೊಬ್ಬರ ಜೊತೆ ದೀರ್ಘ ಸಂಭಾಷಣೆ, ಆರರಿಂದ ಹತ್ತು ಜನರ ಗುಂಪು ಚರ್ಚೆ, ಮನೆಗೆ ಹೋಗಿ ಅಡುಗೆಮನೆಯಲ್ಲಿ ನಿಂತು ನೋಡುವುದು ಇವೆಲ್ಲ ಈ ಬಗೆಯವು. ಗುಂಪು ಚರ್ಚೆಯ ಮೂಲ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಮತ್ತು ಪೆಟ್ರೀಷಿಯಾ ಕೆಂಡಾಲ್ 1946ರಲ್ಲಿ ವಿವರಿಸಿದ ಕೇಂದ್ರೀಕೃತ ಸಂದರ್ಶನದಲ್ಲಿದೆ. ಮಾತುಗಾರರೊಬ್ಬರು ಗುಂಪನ್ನೇ ಎಳೆದುಕೊಂಡು ಹೋಗುವುದು, ಅತ್ತೆಯ ವಯಸ್ಸಿನವರ ಎದುರು ಸೊಸೆಯ ವಯಸ್ಸಿನವರು ಬಾಯಿ ಬಿಡದಿರುವುದು ಇದರ ತೊಡಕುಗಳು. ಹಾಗಾಗಿ ವಯಸ್ಸು, ಅಂತಸ್ತು ನೋಡಿ ಗುಂಪು ಕೂಡಿಸುತ್ತಾರೆ.

ನೇರವಾಗಿ ಕೇಳಿದರೆ ಹೊರಬಾರದ ಕಾರಣವನ್ನು ಬೇರೆ ದಾರಿಯಿಂದ ತೆಗೆಯಬಹುದೆಂದು ತೋರಿಸಿದವರು ಮೇಸನ್ ಹೇರ್. 1950ರಲ್ಲಿ ಪ್ರಕಟವಾದ ಅವರ ಅಧ್ಯಯನದ ವಿಷಯ ಕಾಫಿ. ಇನ್‌ಸ್ಟಂಟ್ ಕಾಫಿ ಯಾಕೆ ಬೇಡ ಎಂದು ಅಮೆರಿಕದ ಗೃಹಿಣಿಯರನ್ನು ಕೇಳಿದರೆ ರುಚಿ ಸರಿಯಿಲ್ಲ ಎನ್ನುತ್ತಿದ್ದರು. ಹೇರ್ ಎರಡು ದಿನಸಿ ಪಟ್ಟಿಗಳನ್ನು ಮಾಡಿದರು. ಒಂದರಲ್ಲಿ ನೆಸ್‌ಕೆಫೆ, ಇನ್ನೊಂದರಲ್ಲಿ ಪುಡಿ ಕಾಫಿ, ಉಳಿದದ್ದೆಲ್ಲ ಒಂದೇ. ಒಬ್ಬರಿಗೆ ಒಂದೇ ಪಟ್ಟಿ ಕೊಟ್ಟು, ಇದನ್ನು ಬರೆದ ಹೆಂಗಸು ಎಂಥವಳಿರಬಹುದು ಎಂದು ಕೇಳಿದರು. ನೆಸ್‌ಕೆಫೆ ಪಟ್ಟಿ ನೋಡಿದವರಲ್ಲಿ ಶೇ. 48ರಷ್ಟು ಜನ ಅವಳು ಸೋಮಾರಿ ಎಂದರು, ಇನ್ನೊಂದು ಪಟ್ಟಿಗೆ ಹಾಗೆಂದವರು ಶೇ. 4. ತೊಡಕು ನಾಲಗೆಯದಲ್ಲ, ಒಳ್ಳೆಯ ಗೃಹಿಣಿ ಎಂಬ ಹೆಸರಿನದು ಎಂದು ಗೊತ್ತಾದ ಮೇಲೆ ಜಾಹೀರಾತಿನಲ್ಲಿ ರುಚಿಯ ಮಾತಾಡಿ ಪ್ರಯೋಜನವಿಲ್ಲ. ಡಿಕಾಕ್ಷನ್ ಇಳಿಯುವ ತನಕ ಕಾಯುವುದನ್ನೇ ಮರ್ಯಾದೆಯೆಂದುಕೊಂಡ ನಮ್ಮ ಮನೆಗಳಲ್ಲಿ ಈ ಫಲಿತಾಂಶಕ್ಕೆ ವಿವರಣೆ ಬೇಕಾಗಲಾರದು.

ಕೇಳದೆಯೇ ನೋಡಿ ತಿಳಿಯಬೇಕಾದ ಸಂಗತಿಗಳೂ ಇವೆ. 1994ರಲ್ಲಿ ಭಾರತಕ್ಕೆ ಬಂದ ಕೆಲಾಗ್ ಕಂಪನಿಯ ಕಾರ್ನ್‌ಫ್ಲೇಕ್ಸ್ ತಣ್ಣನೆಯ ಹಾಲಿಗೆಂದು ಮಾಡಿದ್ದು. ಇಲ್ಲಿನ ಮನೆಗಳಲ್ಲಿ ಬೆಳಗಿನ ಹಾಲು ಕಾಯಿಸಿದ ಹಾಲು. ಬಿಸಿ ಹಾಲು ಬಿದ್ದೊಡನೆ ಗರಿಗರಿ ಹೋಗಿ ಮುದ್ದೆಯಾಯಿತು. ಇಡ್ಲಿ, ಪರೋಟಾಗಳಂಥ ಬಿಸಿ ತಿಂಡಿಯ ಜಾಗಕ್ಕೆ ಬಂದ ತಿಂಡಿಯೊಂದರ ಪಾಲಿಗೆ ಇದು ಸಣ್ಣ ವಿಷಯವಾಗಿರಲಿಲ್ಲ.

ಸ್ಯಾಂಪಲ್

ಎಣಿಕೆಯ ಸಮೀಕ್ಷೆಯಲ್ಲಿ ಎಲ್ಲರನ್ನೂ ಕೇಳಲಾಗದು, ಕೇಳಬೇಕಾಗಿಯೂ ಇಲ್ಲ. ಯಾದೃಚ್ಛಿಕವಾಗಿ ಆರಿಸಿದ ಸುಮಾರು 400 ಮನೆಗಳಿಂದ ಬಂದ ಶೇಕಡಾವಾರು ಅಂಕಿ ನಿಜಾಂಕದಿಂದ ಐದು ಅಂಶಗಳೊಳಗೆ ಇರುವ ಸಂಭವ ಶೇ. 95. ಊರು ಸಾಗರವಾದರೂ ಬೆಂಗಳೂರಾದರೂ ಲೆಕ್ಕ ಹೆಚ್ಚುಕಡಿಮೆ ಅದೇ ಎಂಬುದನ್ನು ನಂಬುವುದು ಮಾಲೀಕರಿಗೆ ಕಷ್ಟ. ತಪ್ಪಿನ ಅಂತರವನ್ನು ಅರ್ಧ ಮಾಡಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟಾಗಬೇಕು. ಅದೇ 400 ಮನೆಗಳನ್ನು ನಾಲ್ಕು ಬಡಾವಣೆಗಳಿಗೆ ಹಂಚಿ, ಒಂದೊಂದರ ಫಲಿತಾಂಶ ಬೇರೆಬೇರೆಯಾಗಿ ಬೇಕೆಂದರೆ ಒಂದೊಂದಕ್ಕೂ ಹತ್ತು ಅಂಶಗಳ ಅಂತರ ಬರುತ್ತದೆ. ವರದಿಗಳಲ್ಲಿ ಇದನ್ನು ಮರೆತು ‘ಜಯನಗರದಲ್ಲಿ 32, ಮಲ್ಲೇಶ್ವರದಲ್ಲಿ 36’ ಎಂದು ದೊಡ್ಡದಾಗಿ ಬರೆಯುತ್ತಾರೆ. ಅದರಲ್ಲಿ ಹುರುಳಿಲ್ಲ.

ಗಾತ್ರಕ್ಕಿಂತ ಆಯ್ಕೆ ಮುಖ್ಯ ಎಂಬುದು 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸಾಬೀತಾಯಿತು. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತು, 20 ಲಕ್ಷಕ್ಕೂ ಮೀರಿ ವಾಪಸು ಬಂದವು. ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ಹೆಸರುಗಳನ್ನು ತೆಗೆದದ್ದು ಟೆಲಿಫೋನ್ ಡೈರೆಕ್ಟರಿ, ಮೋಟಾರು ನೋಂದಣಿಗಳಿಂದ. ಆ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಫೋನು, ಕಾರು ಇದ್ದವರು ಯಾರೆಂದು ಹೇಳಬೇಕಿಲ್ಲ. ಮೇಲಾಗಿ ಉತ್ತರ ಕಳಿಸುವ ಉತ್ಸಾಹ ಇದ್ದವರೂ ಬೇರೆಯೇ. ಎಷ್ಟೋ ಚಿಕ್ಕ ಸ್ಯಾಂಪಲ್ಲಿನಿಂದ ಫಲಿತಾಂಶವನ್ನು ಸರಿಯಾಗಿ ಹೇಳಿದ ಜಾರ್ಜ್ ಗ್ಯಾಲಪ್ ಆಗ ಜಾಹೀರಾತು ಸಂಸ್ಥೆಯೊಂದರ ಸಂಶೋಧನಾ ಮುಖ್ಯಸ್ಥರೂ ಆಗಿದ್ದರು. ಡೈಜೆಸ್ಟ್ 1938ರಲ್ಲಿ ನಿಂತಿತು.

ಭಾರತದಲ್ಲಿ ಮನೆಗಳನ್ನು ಆರಿಸಲು ಜನಗಣತಿಯ ವಿಭಾಗಗಳೋ ಮತದಾರರ ಪಟ್ಟಿಯೋ ಆಧಾರ. 2011ರ ನಂತರ 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೆ ಹೋದದ್ದರಿಂದ, ವರ್ತುಲ ರಸ್ತೆಯಾಚೆ ಎದ್ದ ಬೆಂಗಳೂರು ಖಾಸಗಿ ಸಮೀಕ್ಷೆಗಳಲ್ಲಿ ಬಹುಕಾಲ ಹಳೆಯ ನಕ್ಷೆಯ ಮೇಲೇ ಅಳೆಯಲ್ಪಟ್ಟಿತು. ಮನೆಗಳ ಅಂತಸ್ತನ್ನು ವಿಂಗಡಿಸಲು ಆದಾಯ ಕೇಳುವ ಪದ್ಧತಿ ಇಲ್ಲಿಲ್ಲ, ಕೇಳಿದರೂ ಯಾರೂ ಸರಿಯಾಗಿ ಹೇಳುವುದಿಲ್ಲ. 2011ರಲ್ಲಿ ಜಾರಿಗೆ ಬಂದ ವರ್ಗೀಕರಣ ಮನೆಗೆ ಮುಖ್ಯವಾಗಿ ದುಡಿದು ತರುವವರ ಓದು ಮತ್ತು 11 ವಸ್ತುಗಳ ಪಟ್ಟಿಯಲ್ಲಿ ಮನೆಯಲ್ಲಿ ಎಷ್ಟಿವೆ ಎಂಬುದು, ಈ ಎರಡರಿಂದಲೇ ಎ1ರಿಂದ ಇ3ರವರೆಗೆ 12 ದರ್ಜೆ ಮಾಡಿತು.

ಫೀಲ್ಡ್

ಪ್ರಶ್ನಾವಳಿ ಹಿಡಿದು ಬಿಸಿಲಲ್ಲಿ ಬಾಗಿಲು ತಟ್ಟುವವರ ಮೇಲೆ ಎಲ್ಲವೂ ನಿಂತಿದೆ, ಆದರೆ ಇಡೀ ಸರಪಳಿಯಲ್ಲಿ ಕಡಿಮೆ ಸಂಬಳ ಅವರಿಗೇ. ಸಾಮಾನ್ಯ ಪದ್ಧತಿಯೆಂದರೆ ಒಂದು ಆರಂಭದ ಜಾಗ ಕೊಟ್ಟು, ಬಲಗೈ ಬದಿಯನ್ನೇ ಹಿಡಿದು ಹೋಗುತ್ತಾ ಇಷ್ಟು ಮನೆಗೊಂದರಂತೆ ಕೇಳುವುದು. ಮನೆಯಲ್ಲಿ ಯಾರನ್ನು ಕೇಳಬೇಕೆಂಬುದನ್ನೂ ಸಂದರ್ಶಕರ ಇಷ್ಟಕ್ಕೆ ಬಿಡುವಂತಿಲ್ಲ; ಲೆಸ್ಲಿ ಕಿಷ್ 1949ರಲ್ಲಿ ಸೂಚಿಸಿದ ಚೌಕಳಿ ಕೋಷ್ಟಕ ಅದಕ್ಕಾಗಿಯೇ ಇದೆ. ಬೀಗ ಹಾಕಿದ ಮನೆಗೆ ಮತ್ತೆ ಹೋಗಬೇಕು. ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯುರಿಟಿಯವರು ಗೇಟಿನಲ್ಲೇ ತಡೆಯುವುದರಿಂದ ಬೆಂಗಳೂರಿನಂಥ ಊರಿನಲ್ಲಿ ಸಿರಿವಂತರ ಮಾಹಿತಿಯೇ ಅತ್ಯಂತ ದುರ್ಲಭ. ಸಿಕ್ಕವರೂ ಮನೆಗೆ ಬಂದವರನ್ನು ನೋಯಿಸಬಾರದೆಂದು ಎಲ್ಲಕ್ಕೂ ಚೆನ್ನಾಗಿದೆ ಎನ್ನುತ್ತಾರೆ. ಒಂದು ಸಂದರ್ಶನಕ್ಕೆ ಇಷ್ಟೆಂದು ಕೂಲಿ ಇರುವಲ್ಲಿ ನೆರಳಲ್ಲಿ ಕೂತು ಫಾರಂ ತುಂಬುವ ಆಮಿಷವೂ ಇರುತ್ತದೆ. ಸೂಪರ್‌ವೈಸರ್ ಜೊತೆಗೆ ಹೋಗುವುದು, ಮರುದಿನ ಕೆಲವು ಮನೆಗಳಿಗೆ ಮತ್ತೆ ಹೋಗಿ ಬ್ಯಾಕ್‌ಚೆಕ್ ಮಾಡುವುದು, ಈಗ ಟ್ಯಾಬ್ಲೆಟ್ಟಿನಲ್ಲಿ ಸ್ಥಳ, ಸಮಯ, ಧ್ವನಿ ದಾಖಲಿಸುವುದು ಇದಕ್ಕೆ ಕಡಿವಾಣ. ಮಹಾಲನೋಬಿಸ್ ಇದಕ್ಕಿಂತ ಚೆಂದದ ಉಪಾಯ ಹೂಡಿದ್ದರು: ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ಉಪಮಾದರಿಗಳನ್ನು ಆರಿಸಿ, ಬೇರೆಬೇರೆ ತಂಡಗಳಿಂದ ಕೆಲಸ ಮಾಡಿಸಿ, ಬಂದ ಅಂಕಿಗಳ ಅಂತರದಿಂದ ಕೆಲಸದ ಗುಣವನ್ನೇ ಅಳೆಯುವುದು.

ಫೀಲ್ಡ್ ಹದಗೆಟ್ಟಿತೆಂಬ ಅನುಮಾನ ಬಂದರೆ ಎಂಥ ಹೆಸರಾಂತ ಸಮೀಕ್ಷೆಯೂ ನಿಲ್ಲುವುದಿಲ್ಲ. ಇಂಡಿಯನ್ ರೀಡರ್‌ಷಿಪ್ ಸರ್ವೆಯ 2013ರ ಅಂಕಿಗಳು ಹೊರಬಂದಾಗ ದೇಶದ ಪ್ರಮುಖ ಪತ್ರಿಕೆಗಳೇ ಅದನ್ನು ತಿರಸ್ಕರಿಸಿದವು. ನಾಗಪುರದ ಹಿತವಾದ ಪತ್ರಿಕೆಗೆ ಒಬ್ಬ ಓದುಗನೂ ಇಲ್ಲವೆಂಬಂಥ ಫಲಿತಾಂಶ ಅದರಲ್ಲಿದೆ ಎಂಬುದು ಪ್ರಕಾಶಕರ ಆಕ್ಷೇಪಗಳಲ್ಲೊಂದು. 2020ರಲ್ಲಿ ಟಿವಿ ರೇಟಿಂಗ್ ಮೀಟರ್ ಇರುವ ಮನೆಗಳಿಗೆ ಹಣ ಕೊಟ್ಟು ಅಂಕಿ ತಿರುಚಿದ ಆರೋಪ ಬಂದು, ಸುದ್ದಿ ವಾಹಿನಿಗಳ ವಾರದ ರೇಟಿಂಗನ್ನೇ ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆ ನಿಲ್ಲಿಸಬೇಕಾಯಿತು.

ಬೆಲೆ ಮತ್ತು ಪ್ರಯೋಗ

ಎಷ್ಟು ಕೊಡುತ್ತೀರಿ ಎಂದು ನೇರವಾಗಿ ಕೇಳಿದರೆ ಜನ ಚೌಕಾಸಿಗೆ ಇಳಿಯುತ್ತಾರೆ. ಆದ್ದರಿಂದ ಬೆಲೆಯನ್ನು ಇತರ ಗುಣಗಳ ಜೊತೆ ಹೆಣೆದು ಆರಿಸಲು ಕೊಡುವ ಕಾನ್‌ಜಾಯಿಂಟ್ ವಿಧಾನ ಬಳಕೆಗೆ ಬಂತು. ಪಾಲ್ ಗ್ರೀನ್ ಮತ್ತು ವಿಠಲ ರಾವ್ 1971ರಲ್ಲಿ ಪ್ರಕಟಿಸಿದ ಲೇಖನ ಅದರ ಮೊದಲ ಮೆಟ್ಟಿಲು. ಮ್ಯಾರಿಯಟ್ ಕಂಪನಿ ಕೋರ್ಟ್‌ಯಾರ್ಡ್ ಎಂಬ ಹೋಟೆಲುಗಳ ಕೊಠಡಿ, ಊಟ, ಸೌಕರ್ಯಗಳನ್ನು ಗೊತ್ತುಮಾಡಿದ್ದು ಇದರ ನೆರವಿನಿಂದ.

ಕಾರಣವನ್ನೇ ಖಚಿತಪಡಿಸಬೇಕಾದರೆ ಪ್ರಯೋಗ ಬೇಕು. ರೊನಾಲ್ಡ್ ಫಿಷರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಹೊಲಗಳಲ್ಲಿ ಗೊಬ್ಬರ ಪರೀಕ್ಷೆಗೆ ರೂಪಿಸಿದ ಯಾದೃಚ್ಛಿಕ ಹಂಚಿಕೆಯೇ ಇವತ್ತು ಮೊಬೈಲ್ ಆ್ಯಪ್‌ಗಳ ಎ/ಬಿ ಪರೀಕ್ಷೆ. ಅರ್ಧ ಜನರಿಗೆ ಒಂದು ಬಟನ್, ಉಳಿದರ್ಧಕ್ಕೆ ಇನ್ನೊಂದು. ಯಾರು ಹೆಚ್ಚು ಕೊಂಡರು ಎಂದು ಗಂಟೆಗಳಲ್ಲಿ ಗೊತ್ತಾಗುತ್ತದೆ. ಅಗ್ಗ, ಚುರುಕು, ಜನ ಹೇಳುವುದನ್ನಲ್ಲ ಮಾಡುವುದನ್ನು ಅಳೆಯುತ್ತದೆ. ಆದರೆ ಮುಂದಿಟ್ಟ ಎರಡರಲ್ಲಿ ಯಾವುದು ಮೇಲು ಎಂದಷ್ಟೇ ಅದು ಹೇಳಬಲ್ಲದು. ಎರಡೂ ಬೇಡವಾಗಿದ್ದವರು ಏನು ಬಯಸಿದ್ದರೆಂದು ತಿಳಿಯಲು ಮತ್ತೆ ಮಾತಿಗೇ ಹೋಗಬೇಕು. ಮನುಷ್ಯರ ಬದಲು ಕೃತಕ ಬುದ್ಧಿಮತ್ತೆಯನ್ನೇ ಸಂದರ್ಶಿಸಿ ವರದಿ ಕೊಡುವ ಹೊಸ ಸೇವೆಗಳ ಬಗ್ಗೆ ಸದ್ಯಕ್ಕೆ ಅನುಮಾನವೇ ವಾಸಿ: ಹಳೆಯ ಬರಹಗಳಿಂದ ಕಲಿತದ್ದು ಹೊಸ ಸರಕಿನ ಬಗ್ಗೆ ಹೊಸದೇನು ಹೇಳೀತು?

ಖಾಸಗಿತನ

ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ, ಕರ್ನಾಟಕದ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಸಂಬಂಧ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಅದರ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆ ಕೇಳುವ ಒಕ್ಕಣೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಯಲ್ಲಾಗಲಿ, ಅಂದರೆ ಕನ್ನಡದಲ್ಲಿ ಕೂಡ, ಓದುವ ಅವಕಾಶ ಇರಬೇಕು. ಸಂಶೋಧನೆ ಮತ್ತು ಅಂಕಿಅಂಶದ ಕೆಲಸಕ್ಕೆ ಕಾಯಿದೆ ವಿನಾಯಿತಿ ಕೊಡುತ್ತದೆ, ಆದರೆ ಆ ಮಾಹಿತಿಯಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ನಿರ್ಧಾರ ತೆಗೆದುಕೊಳ್ಳಬಾರದೆಂಬ ಷರತ್ತಿನ ಮೇಲೆ. ಈ ವೃತ್ತಿಯ ಅಂತರರಾಷ್ಟ್ರೀಯ ಸಂಘಟನೆಯಾದ ಎಸೊಮಾರ್‌ನ ನೀತಿಸಂಹಿತೆ ಮೊದಲಿನಿಂದಲೂ ಹೇಳುತ್ತ ಬಂದದ್ದು ಇದಕ್ಕೆ ಹತ್ತಿರವಾದದ್ದೇ: ಸಮೀಕ್ಷೆಯ ನೆಪದಲ್ಲಿ ಸರಕು ಮಾರುವಂತಿಲ್ಲ, ಉತ್ತರ ಕೊಟ್ಟವರ ಹೆಸರು, ಫೋನ್ ನಂಬರುಗಳನ್ನು ಮಾರಾಟ ವಿಭಾಗಕ್ಕೆ ದಾಟಿಸುವಂತಿಲ್ಲ. ಪ್ರಾಮಾಣಿಕ ಸಮೀಕ್ಷಕರಿಗೂ ಇವತ್ತು ಬಾಗಿಲು ತೆರೆಯದಿರುವುದಕ್ಕೆ ‘ಎರಡೇ ನಿಮಿಷ, ಒಂದು ಸರ್ವೆ’ ಎಂದು ಫೋನು ಮಾಡಿ ಸೈಟು, ವಿಮೆ, ಸಾಲ ಮಾರುವವರೇ ಬಹುಮಟ್ಟಿಗೆ ಕಾರಣ.